ಒಂದೇ ಹೊಗೆಗೂಡಿಗೆ ಎರಡು ಒಲೆ

ಒಲೆಯ ಮುಂದೆ ಹಿಡಿದ ಊದುಬತ್ತಿಯ ಹೊಗೆ ಮೊದಲು ನೆಟ್ಟಗೆ ಏಳುತ್ತದೆ. ಒಂದು ಗೇಣು ಎದ್ದ ಮೇಲೆ, ಹೊಗೆಗೂಡು ಚೆನ್ನಾಗಿ ಎಳೆಯುತ್ತಿದ್ದರೆ, ಆ ಬೂದು ಎಳೆ ತಲೆ ಬಾಗಿಸಿ ಒಲೆಯ ಬಾಯೊಳಗೆ ಹೋಗಿಬಿಡುತ್ತದೆ. ತವರಿಗೆ ಹೊರಟ ಹೆಣ್ಣಿನಂತೆ ಹಿಂದಕ್ಕೆ ತಿರುಗಿಯೂ ನೋಡುವುದಿಲ್ಲ. ಮದುವೆಯಾಗಿ ಆ ಚಳಿಯ ಊರಿಗೆ ಬಂದಾಗ ನಾನು ಮೊದಲು ಕಲಿತದ್ದು ಆ ಮನೆಯ ಅಡುಗೆಯನ್ನಲ್ಲ, ಈ ಎಳೆಯನ್ನು ನೋಡುವುದನ್ನು.

ನನ್ನ ತವರು ಬಯಲುಸೀಮೆ. ಅಲ್ಲಿ ಒಲೆಯ ಹೊಗೆ ಹೆಂಚಿನ ಸಂದಿಯಲ್ಲಿ ತನ್ನ ದಾರಿ ತಾನೇ ಹುಡುಕಿಕೊಳ್ಳುತ್ತಿತ್ತು, ಅದರ ಬಗ್ಗೆ ಯಾರೂ ತಲೆಕೆಡಿಸಿಕೊಂಡವರಲ್ಲ. ಈ ಊರಿನಲ್ಲಿ ವರ್ಷದ ಅರ್ಧ ಭಾಗ ಕಿಟಕಿ ತೆರೆಯುವ ಮಾತೇ ಇರಲಿಲ್ಲ. ಮನೆಮನೆಗೂ ಕೋಣೆ ಬೆಚ್ಚಗಿಡಲು ಒಂದು ಇದ್ದಿಲೊಲೆ, ಅದರ ಬೆನ್ನಿಗೆ ಮಾಡಿನಾಚೆ ಹೋಗುವ ಇಟ್ಟಿಗೆಯ ಹೊಗೆಗೂಡು. ಊರಿನ ಅರ್ಧದಷ್ಟು ಹೊಗೆಗೂಡುಗಳನ್ನು ಕಟ್ಟಿದವರು ನನ್ನ ಮಾವ, ಗಾರೆ ಮರಿಸ್ವಾಮಿ. ನಾನು ಆ ಮನೆಯ ಹೊಸ್ತಿಲು ತುಳಿಯುವ ಎರಡು ವರ್ಷ ಮೊದಲೇ ಅವರು ತೀರಿಕೊಂಡಿದ್ದರು. ಉಳಿದವರು ಅತ್ತೆ ದೇವೀರಮ್ಮ ಮತ್ತು ಅವರ ಒಬ್ಬನೇ ಮಗ, ಅಂದರೆ ನನ್ನ ಯಜಮಾನರು.

ಆ ಮನೆತನದಲ್ಲಿ ಒಂದು ಪದ್ಧತಿಯಿತ್ತು. ಹೊಗೆಗೂಡು ಕಟ್ಟಿ ಮುಗಿದ ದಿನ ಮನೆಯವರು ಒಲೆ ಮುಟ್ಟುವಂತಿಲ್ಲ. ಕಟ್ಟಿದವನ ಮನೆಯ ಹೆಂಗಸು ಬಂದು, ಬಾಗಿಲು ಕಿಟಕಿಗಳನ್ನೆಲ್ಲ ಮುಚ್ಚಿಸಿ, ಒಲೆ ಹಚ್ಚಿ, ಅದರ ಬಾಯಿಗೆ ಊದುಬತ್ತಿ ಹಿಡಿದು ಕೂರಬೇಕು. ಅವಳು 'ಸರಿಯಾಗೈತೆ' ಎಂದ ಮೇಲೆಯೇ ತೆಂಗಿನಕಾಯಿ ಒಡೆಯುವುದು. ಅತ್ತೆಯ ಒಂದು ಮಾತಿಗೆ ಮಾವ ಮೂರು ಹೊಗೆಗೂಡುಗಳನ್ನು ತುಟಿಪಿಟಕ್ಕೆನ್ನದೆ ಕೆಡವಿ ಮತ್ತೆ ಕಟ್ಟಿದ್ದರಂತೆ. ಊರವರು ಮಾವನ ಕೈಯನ್ನು ಹೊಗಳುತ್ತಿದ್ದರು, ಮಾವ ಮಾತ್ರ ಅತ್ತೆಯ ಕಣ್ಣನ್ನು ಹೊಗಳುತ್ತಿದ್ದರು.

"ಕಣ್ಣುರಿಸೋ ಹೊಗೆಗೆ ಹೆದರಬ್ಯಾಡ ಕಣವ್ವ," ಎಂದು ಅತ್ತೆ ಮೊದಲ ಚಳಿಗಾಲದಲ್ಲೇ ನನ್ನನ್ನು ಒಲೆಯ ಮುಂದೆ ಕೂರಿಸಿಕೊಂಡು ಹೇಳಿದ್ದರು. "ಅದು ಕೆಮ್ಮಿಸಿ ಎಬ್ಬಿಸ್ತದೆ. ಇದ್ದಿಲಿನ ಗಾಳಿಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಅದು ಜೋಗುಳ ಹಾಡಿ ಮಲಗಿಸ್ತದೆ, ಮಲಗಿದೋರು ಏಳಾಕಿಲ್ಲ. ಅದಕ್ಕೇ ಈ ಬತ್ತಿ."

ಅತ್ತೆ ಎಂದರೆ ನನಗೆ ಹೆದರಿಕೆಯೂ ಇತ್ತು, ಒಳಗೊಳಗೇ ಮುನಿಸೂ ಇತ್ತು. ಅಕ್ಕಿಯನ್ನು ಮೊರದಲ್ಲಿ ಹರಡಿ ಕಲ್ಲನ್ನು ಬೆರಳಿನಿಂದ ತಡವಿ ತೆಗೆಯುತ್ತಿದ್ದರು. ನಾನು ಆರಿಸಿಟ್ಟದ್ದನ್ನೂ ಮತ್ತೆ ತಡವುತ್ತಿದ್ದರು. ಸೂಜಿಗೆ ದಾರ ಪೋಣಿಸಲು ನಾನು ಎಲ್ಲಿದ್ದರೂ ಓಡಿ ಬರಬೇಕಿತ್ತು. "ಅದು ಸೊಸೆ ಕೆಲಸ," ಎನ್ನುತ್ತಿದ್ದರು. ಇದೆಂಥ ದರ್ಬಾರು ಎಂದು ನಾನು ಹಿತ್ತಲಿಗೆ ಹೋಗಿ ಗೊಣಗಿಕೊಳ್ಳುತ್ತಿದ್ದೆ.

ಮದುವೆಯಾಗಿ ಎರಡನೆಯ ವರ್ಷ ಯಜಮಾನರಿಗೆ ಮೊದಲ ಬಾರಿಗೆ ಸ್ವಂತ ಹೊಣೆಯ ಕೆಲಸ ಸಿಕ್ಕಿತು. ಊರಾಚೆಯ ಗುಡ್ಡದ ಮೇಲೆ ಹೆಣ್ಣುಮಕ್ಕಳ ವಸತಿಗೃಹವೊಂದು ಎದ್ದಿತ್ತು. ಸುತ್ತಲಿನ ಹಳ್ಳಿಗಳಿಂದ ಓದಲು ಬಂದ ನಲವತ್ತು ಹುಡುಗಿಯರು ಒಂದೇ ದೊಡ್ಡ ಕೋಣೆಯಲ್ಲಿ ಮಲಗುವ ಏರ್ಪಾಡು. ಆ ಕೋಣೆಗೆ ಇದ್ದಿಲೊಲೆ ಕೂರಿಸಿ ಹೊಗೆಗೂಡು ಕಟ್ಟಬೇಕಿತ್ತು. ಅದೇ ಗೋಡೆಯ ಆಚೆ ಬದಿಗೆ ಬಚ್ಚಲು, ಅಲ್ಲಿ ನೀರು ಕಾಯಿಸುವ ಸೌದೆಯ ಹಂಡೆಯೊಲೆ. ಯಜಮಾನರು ಎರಡನ್ನೂ ಒಂದೇ ಗೂಡಿಗೆ ಸೇರಿಸಿಬಿಟ್ಟರು. ಆ ರಾತ್ರಿ ಊಟದ ಎಲೆಯ ಮೇಲೆಯೇ ಅನ್ನವನ್ನು ಗೋಡೆಯಂತೆ ಒತ್ತಿ ನನಗೆ ತೋರಿಸಿದರು. "ನೋಡು, ಒಂದು ಗೂಡು, ಎರಡು ಒಲೆ! ಮಾಡಿಗೆ ಒಂದೇ ಕಡೆ ತೂತು ಕೊರೆದ್ರೆ ಸಾಕು. ಇದು ಅಪ್ಪನಿಗೂ ಹೊಳೆದಿರಲಿಲ್ಲ." ಅವರ ಮುಖದ ಬೆಳಕು ನೋಡಿ ನನಗೂ ಹೆಮ್ಮೆಯಾಯಿತು. ಈ ಕೆಲಸ ಗೆದ್ದರೆ ಮರಿಸ್ವಾಮಿಯ ಜಾಗದಲ್ಲಿ ಮಗ ನಿಂತ ಎಂದು ಊರು ಒಪ್ಪುತ್ತಿತ್ತು. ಸೋತರೆ ಮತ್ತೆ ಇನ್ನೊಬ್ಬರ ಕೈಕೆಳಗೆ ಗೋಡೆಗೆ ಗಾರೆ ಬಳಿಯುವುದೇ ಗತಿ.

ಒಲೆ ಹಚ್ಚುವ ಸಂಜೆ ಊರಿಗೆ ಊರೇ ಗುಡ್ಡ ಹತ್ತಿತ್ತು. ಬಾಗಿಲಿಗೆ ಮಾವಿನ ತೋರಣ, ಒಲೆಯ ಕಬ್ಬಿಣಕ್ಕೆ ಅರಿಸಿನ ಕುಂಕುಮ, ಚೆಂಡುಹೂವಿನ ಹಾರ. ವಸತಿಗೃಹದ ಮೇಲ್ವಿಚಾರಕಿ ಕಮಲಾಕ್ಷಮ್ಮನವರು ಹುಡುಗಿಯರನ್ನು ಗೋಡೆಯುದ್ದಕ್ಕೂ ಸಾಲಾಗಿ ಕೂರಿಸಿದ್ದರು. ಒಳಗೆ ಹಿಡಿಸದ ಜನ ಬಾಗಿಲಲ್ಲಿ, ಕಿಟಕಿಯಲ್ಲಿ ತಲೆ ತೂರಿಸಿ ನಿಂತಿದ್ದರು. ಬಾಗಿಲು ಮುಚ್ಚಬೇಕು ಎಂಬುದು ಯಾರಿಗೂ ನೆನಪಾಗಲಿಲ್ಲ. ಒಂದು ಕಾಲಕ್ಕೆ ಮೂರು ಜನ ಕೂತು ಮಾಡುತ್ತಿದ್ದ ಪರೀಕ್ಷೆ ಹೂವು ಹಾರಗಳ ನಡುವೆ ಸಮಾರಂಭವಾಗಿ ಹೋಗಿತ್ತು.

ಅತ್ತೆ ಪೀಠದ ಮೇಲೆ ಕೂತು ಊದುಬತ್ತಿ ಹಿಡಿದರು. ನಾನು ಅವರ ಎಡಕ್ಕೆ ಕೂತಿದ್ದೆ. ಇದ್ದಿಲು ಕೆಂಪಗಾಯಿತು. ಎಳೆ ಎದ್ದಿತು, ಬಾಗಿತು, ಒಲೆಯೊಳಗೆ ಹೋಯಿತು. ಜನ 'ಆಹಾ' ಎಂದರು. ಯಜಮಾನರು ಹೆಗಲ ಮೇಲಿನ ಟವೆಲನ್ನು ಸರಿಮಾಡಿಕೊಂಡರು.

ಅಷ್ಟರಲ್ಲಿ ಗುಡ್ಡದ ಗಾಳಿ ಬೀಸಿತು. ಹುಡುಗಿಯರು ಗದಗುಟ್ಟುವುದನ್ನು ನೋಡಿ ಕಮಲಾಕ್ಷಮ್ಮ, "ಒಳಗೆ ಬರೋರು ಬನ್ನಿ, ಬಾಗಿಲು ಹಾಕಿ. ಮಕ್ಕಳಿಗೆ ಚಳಿ ಆಗ್ತಿದೆ," ಎಂದು ಬಾಗಿಲು ಕಿಟಕಿಗಳನ್ನು ಮುಚ್ಚಿಸಿದರು. ಗೋಡೆಯಾಚೆ ಬಚ್ಚಲಲ್ಲಿ ಅಡುಗೆಯವಳು ಬಂದವರ ಕೈಕಾಲಿಗೆ ಬಿಸಿನೀರಾಗಲಿ ಎಂದು ಹಂಡೆಯೊಲೆಗೆ ಒಣಸೌದೆ ತುರುಕಿ ಬೆಂಕಿ ಹಾಕಿದ್ದು, ಚಟಪಟ ಸದ್ದಿನಿಂದ ನನಗೆ ತಿಳಿಯಿತು.

ಎಳೆ ನೆಟ್ಟಗಾಯಿತು. ತುಸು ತಡವರಿಸಿತು. ಆಮೇಲೆ ನಿಧಾನವಾಗಿ ಒಲೆಗೆ ಬೆನ್ನು ತಿರುಗಿಸಿ, ನಮ್ಮ ಕಡೆಗೆ, ಹುಡುಗಿಯರ ಕಡೆಗೆ ಹೊರಳಿತು.

ನಾನು ಅತ್ತೆಯ ಮುಖ ನೋಡಿದೆ. ಅವರು ಎಳೆಯನ್ನೇ ದಿಟ್ಟಿಸುತ್ತಿದ್ದಂತೆ ಕಾಣುತ್ತಿತ್ತು. ದಿಟ್ಟಿಸುತ್ತಲೇ, ಗಂಭೀರವಾಗಿ ಹೇಳಿದರು: "ಸರಿಯಾಗೈತೆ."

ಅಕ್ಕಿಯ ಕಲ್ಲು, ಸೂಜಿಯ ದಾರ, ಎಲ್ಲವೂ ಒಟ್ಟಿಗೆ ನೆನಪಾದವು. ಅತ್ತೆಗೆ ಎಳೆ ಕಾಣುತ್ತಿರಲಿಲ್ಲ. ಅವರಿಗೆ ಕೇಳಿಸಿದ್ದು ಜನರ 'ಆಹಾ' ಮಾತ್ರ. ಕರ್ಪೂರ, ಹೂವು, ಊದುಬತ್ತಿಗಳ ಪರಿಮಳದಲ್ಲಿ ಮೂಗಿಗೂ ಏನೂ ತಿಳಿಯುವಂತಿರಲಿಲ್ಲ.

ಯಾರೋ ತೆಂಗಿನಕಾಯಿ ಎತ್ತಿದರು. ನಾನು ಬಾಯಿ ಬಿಟ್ಟರೆ ಅತ್ತೆಯ ಕಣ್ಣಿನ ಗುಟ್ಟು ಊರ ಮುಂದೆ ಬೀಳುತ್ತಿತ್ತು, ಗಂಡನ ಮೊದಲ ಕೆಲಸ ಮಣ್ಣುಪಾಲಾಗುತ್ತಿತ್ತು. ನಾಳೆ ಗುಟ್ಟಾಗಿ ಹೇಳಿದರಾಯಿತು ಎಂದು ಒಂದು ಕ್ಷಣ ಅನ್ನಿಸಿದ್ದೂ ಸುಳ್ಳಲ್ಲ. ಆದರೆ ಹುಡುಗಿಯರು ಮಲಗುವುದು ಇಂದು. ಸಾಲಿನ ಕೊನೆಯಲ್ಲಿ ಎರಡು ಜಡೆಯ ಪುಟ್ಟ ಹುಡುಗಿಯೊಂದು ಬೆಚ್ಚಗಾಗಿ ಆಗಲೇ ತೂಕಡಿಸುತ್ತಿತ್ತು.

"ಇಲ್ಲ ಅತ್ತೆ," ಎಂದೆ. ದನಿ ನನ್ನದೇ ಎಂದು ನನಗೇ ನಂಬಿಕೆಯಾಗಲಿಲ್ಲ. "ಸರಿಯಾಗಿಲ್ಲ. ಎಳೆ ಆಚೆಗೆ ಬರ್ತಾ ಇದೆ."

ಕಾಯಿ ಎತ್ತಿದ ಕೈ ಹಾಗೆಯೇ ನಿಂತಿತು. ಯಜಮಾನರ ಮುಖ ಕಪ್ಪಿಟ್ಟಿತು. "ನಿಂಗೇನೇ ಗೊತ್ತು? ನೆನ್ನೆ ಮೊನ್ನೆ ಬಂದೋಳು! ಅವ್ವ ಸರಿ ಅಂದ್ಮೇಲೆ ನಿಂದೇನು ಮಧ್ಯೆ?"

"ನೀವೇ ನೋಡಿ," ಎಂದೆ. ಅವರು ನನ್ನನ್ನು ನೋಡಿದರೇ ಹೊರತು ಎಳೆಯನ್ನು ನೋಡಲಿಲ್ಲ.

ಇವತ್ತು ನನ್ನ ಕತೆ ಮುಗಿಯಿತು ಎಂದುಕೊಂಡೆ. ಆದರೆ ಅತ್ತೆ ಗಾಳಿಯಲ್ಲಿ ತಡವಿ ನನ್ನ ಮಣಿಕಟ್ಟು ಹಿಡಿದು, ಊದುಬತ್ತಿಯನ್ನು ನನ್ನ ಕೈಗಿಟ್ಟರು.

"ಅವಳನ್ನ ಬಯ್ಯಬ್ಯಾಡ ಮಗ," ಎಂದರು, ಊರಿಗೆಲ್ಲ ಕೇಳುವಂತೆ. "ನಂಗೆ ಕಾಣಾಕಿಲ್ಲ. ಹೋದ ಸುಗ್ಗಿಯಿಂದ ಕಣ್ಣ ಮುಂದೆ ಬರೀ ಮಂಜು. ಹೇಳಿದ್ರೆ ನಿನ್ನ ಕೆಲಸಕ್ಕೆ ಸೈ ಅನ್ನೋರು ಯಾರೂ ಇರಾಕಿಲ್ಲ ಅಂತ ಮುಚ್ಚಿಟ್ಟೆ. ತೆಪ್ಪು ನಂದು." ಆಮೇಲೆ ನನ್ನ ಕಡೆ ತಿರುಗಿದರು. "ನೀ ನೋಡಿ ಹೇಳವ್ವ. ಎಲ್ಲಿಗೆ ಹೋಯ್ತಾ ಐತೆ?"

ನಾನು ಹೇಳಿದೆ. ಕಮಲಾಕ್ಷಮ್ಮ ಆ ಕ್ಷಣವೇ ಹುಡುಗಿಯರನ್ನು ಎಬ್ಬಿಸಿ ಹೊರಗೆ ಕಳಿಸಿದರು. ಅತ್ತೆ, ಯಜಮಾನರು, ನಾನು ಮೂವರೇ ಉಳಿದು ಬಾಗಿಲು ಮತ್ತೆ ಮುಚ್ಚಿದೆವು. ಈಗ ಜನರಿಲ್ಲ, ಗದ್ದಲವಿಲ್ಲ, ಹೂವಿನ ಹಾರವನ್ನೂ ತೆಗೆದಿಟ್ಟಿದ್ದೆವು. ಆಚೆ ಹಂಡೆಯೊಲೆ ಭರ್ರೆಂದು ಉರಿಯುತ್ತಿತ್ತು. ಅದರ ಹೊಗೆ ಇಕ್ಕಟ್ಟಾದ ಗೂಡನ್ನೆಲ್ಲ ತುಂಬಿಕೊಂಡು ಇದ್ದಿಲಿನ ಗಾಳಿಯನ್ನು ವಾಪಸು ಕೋಣೆಗೆ ತಳ್ಳುತ್ತಿತ್ತು. ಊದುಬತ್ತಿಯ ಎಳೆ ಯಜಮಾನರ ಮುಖಕ್ಕೇ ಬಂದು ಬಡಿಯಿತು. ಈ ಸಲ ಅವರು ನೋಡಿದರು. ಎಷ್ಟೋ ಹೊತ್ತು ನೋಡಿ, ಎದ್ದು, ತಮ್ಮ ಕೈಯಾರೆ ಕೆಂಡಕ್ಕೆ ಬೂದಿ ಸುರಿದು ಕಿಟಕಿಗಳನ್ನೆಲ್ಲ ತೆರೆದರು. ಹೊರಗೆ ಹೋಗಿ ಜನರ ಮುಂದೆ ನಿಂತು, "ನನ್ನ ಕೆಲಸ ಸರಿಯಾಗಿಲ್ಲ. ಬಿಚ್ಚಿ ಕಟ್ಟಿಕೊಡ್ತೀನಿ. ಅಲ್ಲೀವರೆಗೂ ಯಾರೂ ಆ ಒಲೆ ಮುಟ್ಟಬ್ಯಾಡಿ," ಎಂದರು. ಮದುವೆಯ ದಿನವೂ ನನಗೆ ಆ ಮನುಷ್ಯನ ಮೇಲೆ ಅಷ್ಟು ಹೆಮ್ಮೆ ಹುಟ್ಟಿರಲಿಲ್ಲ.

ಹಾಗೆಂದು ಮನೆಯಲ್ಲಿ ಎಲ್ಲ ಸಲೀಸಾಯಿತು ಎಂದಲ್ಲ. ಮೂರು ದಿನ ಯಜಮಾನರಿಗೆ ನನ್ನೊಡನೆ ಮಾತಿಲ್ಲ ಕತೆಯಿಲ್ಲ. ತಟ್ಟೆ ಇಟ್ಟರೆ ಉಣ್ಣುವರು, ನೀರು ಕೊಟ್ಟರೆ ಕುಡಿಯುವರು. ನಾನೂ ಏನು ಕಮ್ಮಿ, ಬೇಕೆಂದೇ ಸಾರಿಗೆ ಒಂದು ಹಿಡಿ ಮೆಣಸು ಹೆಚ್ಚಾಗಿ ಹಾಕಿದೆ. ಅದನ್ನೂ ಕಣ್ಣಲ್ಲಿ ನೀರು ಸುರಿಸಿಕೊಂಡು ಉಂಡರು. ನಾಲ್ಕನೆಯ ಬೆಳಗ್ಗೆ ಹೊಸ್ತಿಲಲ್ಲಿ ನಿಂತು, ಗೋಡೆಗೆ ಹೇಳುವಂತೆ ಹೇಳಿದರು: "ಬಚ್ಚಲೊಲೆಗೆ ಬೇರೆ ಗೂಡು ಏಳಿಸ್ತಿದೀನಿ. ಎಷ್ಟು ಎತ್ತರ ಹೋದ್ರೆ ಎಳೀತದೆ ಅಂತ ನೋಡೋಕೆ ಒಂದು ಕಣ್ಣು ಬೇಕು. ಬರೋರು ಬರಬಹುದು." ನಾನು ಸೆರಗು ಸಿಕ್ಕಿಸಿ ಹೊರಟೆ. ಹಿಂದಿನಿಂದ ಅತ್ತೆ ನಗುವುದು ಕೇಳಿಸಿತು.

ಹನ್ನೊಂದು ದಿನ ಹುಡುಗಿಯರು ಕಂಬಳಿಯೊಂದಕ್ಕೆ ಮೂವರಂತೆ ಮುದುಡಿ ಮಲಗಿದರು. ಹನ್ನೆರಡನೆಯ ಸಂಜೆ ತೋರಣವಿರಲಿಲ್ಲ, ಜನರಿರಲಿಲ್ಲ. ಯಜಮಾನರೇ ಒಂದೊಂದು ಕಿಟಕಿಯನ್ನೂ ಮುಚ್ಚಿ ಅಗುಳಿ ಹಾಕಿದರು, ಅಡುಗೆಯವಳಿಗೆ ಹಂಡೆಯೊಲೆ ಜೋರಾಗಿ ಉರಿಸಲು ಹೇಳಿದರು. ಅತ್ತೆ ಪೀಠವನ್ನು ನನ್ನ ಕಡೆಗೆ ತಳ್ಳಿ ತಾವು ನೆಲದ ಮೇಲೆ ಕೂತರು. ಒಂದು ಊದುಬತ್ತಿ ಪೂರ್ತಿ ಉರಿದು ಮುಗಿಯುವವರೆಗೆ ನಾನು ಕಣ್ಣು ಕೀಳಲಿಲ್ಲ. ಎಳೆ ಒಮ್ಮೆಯೂ ಹಿಂದಿರುಗಲಿಲ್ಲ.

"ಸರಿಯಾಗಿದೆ," ಎಂದೆ. ಯಜಮಾನರು ಉಸಿರು ಬಿಟ್ಟದ್ದು ಕೋಣೆಗೆಲ್ಲ ಕೇಳಿಸಿತು. ಕಾಯಿಯನ್ನು ಅವರು ಒಡೆಯಲಿಲ್ಲ, ನನ್ನ ಕೈಗೆ ಕೊಟ್ಟರು.

ಆಮೇಲೆ ಆ ಊರಿನಲ್ಲಿ ಅವರು ಎಷ್ಟೋ ಹೊಗೆಗೂಡುಗಳನ್ನು ಕಟ್ಟಿದರು. ಯಾರಾದರೂ ಕೆಲಸ ಮುಗಿಯಿತೇ ಎಂದು ಕೇಳಿದರೆ, "ನನ್ನ ಕಡೆಯಿಂದ ಮುಗೀತು. ನಮ್ಮನೆಯೋಳು ಬಂದು ನೋಡಬೇಕು," ಎನ್ನುತ್ತಿದ್ದರು. ಆ ಮಾತು ಹೇಳುವಾಗ ಅವರ ಎದೆ ಒಂದಿಷ್ಟು ಮುಂದೆ ಬರುತ್ತಿತ್ತು. ಅದನ್ನು ನಾನು ಕದ್ದು ನೋಡುತ್ತಿದ್ದೆ.

ನಾನು ಕಾಯಿ ಒಡೆದ ಆ ಸಂಜೆ ಗುಡ್ಡ ಇಳಿಯುವಾಗ ಅತ್ತೆ ನನ್ನ ತೋಳು ಹಿಡಿದು ನಡೆಯುತ್ತಿದ್ದರು. ಅರ್ಧ ದಾರಿಯಲ್ಲಿ ನಿಂತು ವಸತಿಗೃಹದ ಕಡೆಗೆ ಮುಖ ತಿರುಗಿಸಿದರು.

"ಹೆಂಗೆ ಹೋಯ್ತಾ ಐತೆ, ಹೇಳು."

ನಾನು ನೋಡಿದೆ. ಮಾಡಿನ ಮೇಲೆ ಎರಡು ಗೂಡುಗಳು ಅಕ್ಕಪಕ್ಕ ನಿಂತಿದ್ದವು. ಬಚ್ಚಲಿನದರಿಂದ ಬಿಳಿಹೊಗೆ ದಟ್ಟವಾಗಿ ಏಳುತ್ತಿತ್ತು. ಮಕ್ಕಳ ಕೋಣೆಯದರ ಮೇಲೆ ಹೊಗೆಯೇ ಇರಲಿಲ್ಲ. ಬಿಸಿಗಾಳಿಗೆ ಅದರ ಹಿಂದಿನ ಆಕಾಶ ಮಾತ್ರ ಮೆಲ್ಲಗೆ ನಡುಗುತ್ತಿತ್ತು.

"ಎರಡೂ ಬೇರೆಬೇರೆ ಹೋಗ್ತಿವೆ ಅತ್ತೆ," ಎಂದೆ. "ನೆಟ್ಟಗೆ."

ಅತ್ತೆ ಕಾಣದ ಕಣ್ಣುಗಳನ್ನು ಅತ್ತಲೇ ನೆಟ್ಟು, ನನ್ನ ತೋಳನ್ನು ಬಿಡದೆ, ಆ ಚಳಿಯಲ್ಲಿ ತುಂಬ ಹೊತ್ತು ನಿಂತಿದ್ದರು.