ಒಂದು ಗೇಣು ಕೆಂಪು ವೈರು

ಯಾರದೋ ಎಂಜಿನ್ ಛಲೋ ಓಡುತ್ತಿದೆ, ಕೆಮ್ಮಿಲ್ಲ, ದಮ್ಮಿಲ್ಲ, ಕಬ್ಬಿನ ತೋಟದ ಆಚೆಯಿಂದ ಗಾಳಿ ಬೀಸಿದಾಗ ದಪ್ಪ, ಗಾಳಿ ನಿಂತಾಗ ಸಣ್ಣ, ಆದರೂ ಒಂದೇ ತಾಳ, ಅದರ ಕಾರ್ಬೊರೇಟರಿಗೆ ಕೈ ಹಾಕಿದವನು ಕೆಲಸ ಬಲ್ಲವನು ಎಂದು ಕೇಳಿದ ಕೂಡಲೇ ಗೊತ್ತಾಗುತ್ತದೆ — ತುಕಾರಾಮ ಡೀಸೆಲ್ ಡಬ್ಬಿಯಲ್ಲಿ ಬ್ರಷ್ಷು ಅದ್ದುತ್ತ ಕುಳಿತಲ್ಲಿಯೇ ತಲೆಯಾಡಿಸಿದ, ಶಹಬ್ಬಾಸ್ ಮಗನೆ, ಯಾರಿದ್ದೀಯೋ. ಭಾನುವಾರದ ಮುಂಜಾನೆ, ಹಿತ್ತಲಿನ ಪತ್ರಾಸ ತಗಡಿನ ಶೆಡ್ಡು, ಇದೇ ಅವನ ಗುಡಿ, ಇದೇ ಅವನ ಚಹಾದಂಗಡಿ, ವಾರವಿಡೀ, ಶನಿವಾರ ಮಧ್ಯಾಹ್ನದವರೆಗೂ, ಸಕ್ಕರೆ ಕಾರ್ಖಾನೆಯಲ್ಲಿ ಫಿಟ್ಟರ್ ಕೆಲಸ, ಅಲ್ಲಿ ಒಂದು ನಟ್ಟು ತಿರುವಬೇಕಾದರೂ ಮೂವರು ಸಾಹೇಬರ ಸಹಿ ಬೇಕು, ಸೇಫ್ಟಿ ಸೇಫ್ಟಿ ಎಂದು ಬಡಿದುಕೊಳ್ಳುತ್ತಾರೆ, ಇಲ್ಲಿ ಕೇಳುವವರಿಲ್ಲ, ಹುಲ್ಲು ಕತ್ತರಿಸುವ ಮುರುಕು ಮಷಿನ್ನು ಮೂರು, ಗಂಟಲು ಕಟ್ಟಿದ ಪಂಪು ಒಂದು, ಇವನೇ ಸಾಹೇಬ, ಇವನೇ ಸಹಿ. ಹೆಂಡತಿ ಶೇವಂತಾ ಬೈಯುತ್ತಾಳೆ, ಮಂದಿ ಹಿತ್ತಲದಾಗ ಆಡು ಕಟ್ಟತಾರ, ನೀವು ಮಷಿನ್ ಕಟ್ಟೀರಿ, ಇವೇನ್ ಹಾಲು ಕೊಡತಾವೇನ್ರಿ? ಬೈಯುತ್ತಾಳೆ, ಬೈದು ಬಂದು ಪಕ್ಕದಲ್ಲಿಯೇ ಕೂಡುತ್ತಾಳೆ, ನಟ್ಟು ತಿರುವುವ ಪಾನಾ ಕೇಳಿದರೆ ಪಾನಾ, ಸ್ಕ್ರೂಡ್ರೈವರ್ ಕೇಳಿದರೆ ಸ್ಕ್ರೂಡ್ರೈವರ್, ಸೈಜು ಹೇಳುವ ಮೊದಲೇ ಕೈಗೆ ಬಂದಿರುತ್ತದೆ. ಈಗಲೂ ಅಭ್ಯಾಸಬಲದಿಂದ ಕೈ ಚಾಚಿದ, ಯಾರೂ ಕೊಡಲಿಲ್ಲ, ಹೌದಲ್ಲ, ಅವಳು ಏಳಕ್ಕೇ ತಾತ್ಯಾಸಾಹೇಬರ ಮನೆ ಕೆಲಸಕ್ಕೆ ಹೋದಳು, ಬಾಗಿಲಲ್ಲಿ ನಿಂತು ಏನೋ ಅಂದಳು ಕೂಡ. ತಾನೇ ಎದ್ದು ಪಾನಾ ತೆಗೆದುಕೊಳ್ಳಬೇಕಾಯಿತು. ಪಾನಾದ ಪಕ್ಕ, ನಟ್ಟುಬೋಲ್ಟಿನ ತಟ್ಟೆಯಲ್ಲಿ, ಕೆಂಪು ವೈರು ಬಿದ್ದಿತ್ತು, ಒಂದು ಗೇಣು.

ಎಂಜಿನ್ ಓಡುತ್ತಲೇ ಇತ್ತು, ಮತ್ತೆ ಕೇಳಿದ, ಈ ಸಲ ಕಿವಿಗೊಟ್ಟು ಕೇಳಿದ, ಹತ್ತು ಹದಿನೈದು ಸಲ ಡುಗುಡುಗು ಎಂದಾದ ಮೇಲೆ ಅರೆಕ್ಷಣ ಉಸಿರು ಹಿಡಿದ ಹಾಗೆ ಒಂದು ಬಿಕ್ಕು — ಆ ಬಿಕ್ಕು ತನಗೆ ಗೊತ್ತು, ನಿನ್ನೆ ಸಂಜೆ ಎಷ್ಟು ತಿಣುಕಿದರೂ ಹೋಗಲಿಲ್ಲ, ಹಳೇ ಪಿಸ್ಟನ್ನು, ಇರಲಿ ಬಿಡು ಎಂದು ಬಿಟ್ಟದ್ದು, ಅದು ತಾತ್ಯಾಸಾಹೇಬರ ಮಷಿನ್ನು, ಅದು ತಾನು ಕೊಟ್ಟು ಬಂದ ಮಷಿನ್ನು. ಆದರೆ ಹೇಗೆ? ಇವತ್ತು ಅಷ್ಟಮಿ. ಅವರು ಜೈನರು, ಅಷ್ಟಮಿ ಚತುರ್ದಶಿಗೆ ಹಸಿರು ಕೊಯ್ಯುವುದಿಲ್ಲ, ಹಸಿರು ಬೇಯಿಸುವುದಿಲ್ಲ, ತಾತ್ಯಾಸಾಹೇಬರ ಹೆಂಡತಿ ಕಮಲಾಬಾಯಿ ಆ ದಿನ ಅಂಗಳದ ತುಳಸಿ ಎಲೆಯನ್ನೂ ಮುಟ್ಟಗೊಡುವುದಿಲ್ಲ, ಈ ಊರಲ್ಲಿ ಮೂವತ್ತು ವರ್ಷದಿಂದ ನೋಡುತ್ತಿದ್ದೇನೆ. ಶೆಡ್ಡಿನ ಗೋಡೆಯ ಕ್ಯಾಲೆಂಡರಿನತ್ತ ಕಣ್ಣು ಹಾಯಿಸಿದ, ಭಾನುವಾರ, ಅಷ್ಟಮಿ, ಕೊರೆದ ಹಾಗಿದೆ, ನಿನ್ನೆಯೂ ಇದನ್ನೇ ನೋಡಿದ್ದು, ಇದನ್ನು ನೋಡಿಯೇ ಧೈರ್ಯ ಮಾಡಿದ್ದು. ಚಾತುರ್ಮಾಸ ಹತ್ತಿರ ಬಂತು, ಆಮೇಲೆ ಹುಲ್ಲಿಗೆ ಕೈ ಹಚ್ಚುವಂತಿಲ್ಲ, ಮಳೆಗೆ ಮೊಣಕಾಲುದ್ದ ಬೆಳೆದಿದೆ, ಲಗೂ ಮಾಡಿಕೊಡೋ ತುಕಾರಾಮ ಎಂದು ಅವರ ಮಗ ಸುಹಾಸ ನಾಲ್ಕು ಸಲ ಫೋನ್ ಮಾಡಿದ್ದ, ಇತ್ತ ಪ್ಲಗ್ಗಿನಲ್ಲಿ ಕಿಡಿಯೇ ಇಲ್ಲ, ನೋಡಿದರೆ ಈ ಕೆಂಪು ವೈರು ಇಲಿ ಕಡಿದು ಎಂಜಿನ್ನಿನ ಕಬ್ಬಿಣಕ್ಕೆ ತಾಗುತ್ತಿತ್ತು, ಹಿಡಿಕೆ ಬಿಟ್ಟರೆ ಕಿಡಿ ಕೊಂದು ಎಂಜಿನ್ ನಿಲ್ಲಿಸುವ ವೈರು ಅದು, ಬೇರೇನೂ ಕೆಲಸವಿಲ್ಲ ಅದಕ್ಕೆ, ಇಷ್ಟೇ ಕೆಲಸ. ಕಿತ್ತು ತಟ್ಟೆಗೆ ಎಸೆದ, ಹಗ್ಗ ಎಳೆದ, ಒಂದೇ ಎಳೆತಕ್ಕೆ ಶುರು! ಮನಸ್ಸು ಹಿಗ್ಗಿ ಹೀರೇಕಾಯಿಯಾಯಿತು, ತಡೆಯಲಿಲ್ಲ, ಸಂಜೆಗೇ ತಳ್ಳಿಕೊಂಡು ಹೋಗಿ ಅವರ ಪಡಸಾಲೆಗೆ ಮುಟ್ಟಿಸಿದ, ನಾಳೆ ಅಷ್ಟಮಿ, ಯಾರೂ ಮುಟ್ಟುವುದಿಲ್ಲ, ಸೋಮವಾರ ನಸುಕಿನಲ್ಲಿ ಹೋಗಿ ಹೊಸ ವೈರು ಹಾಕಿದರಾಯಿತು, ಯಾರಿಗೆ ಹೇಳುವುದೇನಿದೆ.

ಪಡಸಾಲೆಯಲ್ಲಿ ತಾತ್ಯಾಸಾಹೇಬರೊಬ್ಬರೇ ಇದ್ದರು, ಹೊಸಾದರಂಗ ಆಗೇತಲ್ಲೋ ಅಂದರು, ಮನ್ಯಾಗ ಯಾರೂ ಇಲ್ಲಪಾ, ಎಲ್ಲಾರೂ ಬಸ್ತಿಗೆ ಹೋಗ್ಯಾರ ಅಂದರು. ಶನಿವಾರ ಸಂಜೆ ಎಲ್ಲರೂ ಬಸದಿಗೆ ಏಕೆ ಹೋಗಬೇಕು? ಬ್ರಷ್ಷು ಕೈಯಲ್ಲಿಯೇ ನಿಂತಿತು. ನಿನ್ನೆ ಮಧ್ಯಾಹ್ನ ಶೇವಂತಾ ಆ ಮನೆಯಿಂದ ಡಬ್ಬಿಯಲ್ಲಿ ಬರೀ ಬೇಳೆ ತಂದಿದ್ದಳು, ಇವತ್ತ ಅವರ ಮನ್ಯಾಗ ಕಾಯಿಪಲ್ಯೆ ಮಾಡಿಲ್ಲರಿ, ಬ್ಯಾಳಿ ಮ್ಯಾಲೆ ಊಟಾ ಅಂದಿದ್ದಳು, ತಾನು ಹಾಂ ಅಂದು ಉಣ್ಣುತ್ತಲೇ ಪ್ಲಗ್ಗು ತಿಕ್ಕುತ್ತಿದ್ದ, ಉಂಡದ್ದು ಬೇಳೆಯೆಂದೂ ತಿಳಿಯಲಿಲ್ಲ. ಮತ್ತು ಕಮಲಾಬಾಯಿ, ಯಾವಾಗಲೋ, ನಾಲ್ಕು ವರ್ಷದ ಹಿಂದೆ, ನಕ್ಕು ಹೇಳಿದ್ದು — ನಿಮ್ಮ ಗ್ವಾಡಿ ಕ್ಯಾಲೆಂಡರ್ ನಮಗ ನಡಿಯಂಗಿಲ್ಲೋ, ಸೂರ್ಯಾ ಹುಟ್ಟಿದ ಮ್ಯಾಲೆ ಆರ ಘಳಿಗಿ ತಿಥಿ ಉಳೀಬೇಕು, ಉಳೀಲಿಲ್ಲಂದ್ರ ನಾವು ಹಿಂದಿನ ದಿನಾನ ಹಿಡಿಯೂದು. ಹಿಂದಿನ ದಿನ. ಅವರ ಅಷ್ಟಮಿ ನಿನ್ನೆಯೇ ಮುಗಿದಿದೆ. ಅಯ್ಯೋ ನನ್ನ ಹಾಳು ತಲೆಯೇ. ಹಾಗಾದರೆ ಈಗ ಮಷಿನ್ ಹಿಡಿದವರು ಯಾರು, ಸುಹಾಸನಿಗೆ ಅದರ ಸದ್ದು ಕೇಳಿದರೇ ಭಯ, ತಾತ್ಯಾಸಾಹೇಬರಿಗೆ ಎಂಬತ್ತು, ಆ ಮನೆಯಲ್ಲಿ ಹುಲ್ಲಿನ ಮಷಿನ್ ಓಡಿಸಬಲ್ಲವಳು ಒಬ್ಬಳೇ, ಓಡಿಸಲು ಕಲಿಸಿದವನು ತಾನೇ, ಬಾಗಿಲಲ್ಲಿ ನಿಂತು ಅವಳು ಅಂದದ್ದು ಈಗ ಕಿವಿಗೆ ಬೀಳುತ್ತಿದೆ, ಬರಾಕ ತಡಾ ಆಕ್ಕೈತ್ರಿ, ಇವತ್ತ ಹುಲ್ಲು ಹೊಡಿಯೂದೈತಿ.

ಫೋನ್, ಫೋನ್ ಹಚ್ಚು, ಹಚ್ಚಿದ, ಒಳಗೆ ಕಿಟಕಿಯಲ್ಲಿ ಚಾರ್ಜಿಗಿಟ್ಟ ಅವಳ ಫೋನು ಹಾಡತೊಡಗಿತು, ಸುಹಾಸನಿಗೆ ಹಚ್ಚಿದ, ರಿಂಗಾಗಿ ರಿಂಗಾಗಿ ನಿಂತಿತು, ಬೈಕಿಗೆ ಹಾರಿ ಕಿಕ್ ಹೊಡೆದ, ಹೊಡೆದ, ಅದು ಹೇಗೆ ಶುರುವಾದೀತು, ಅದರ ಪೆಟ್ರೋಲನ್ನು ನಿನ್ನೆ ತಾನೇ ಬಸಿದು ಆ ಮಷಿನ್ನಿಗೆ ಹಾಕಿದ್ದಾನೆ, ಓಡು ತುಕಾರಾಮ, ಓಡು, ಕಬ್ಬಿನ ಬದುವಿನ ಮೇಲೆ ಬರಿಗಾಲಲ್ಲಿ, ಕೆಸರು, ಒಣಗರಿಯ ರವದಿ, ಹಸಿಗರಿ ಮುಖ ಕೊಯ್ಯುತ್ತದೆ. ಓಡುತ್ತಿರಲಿ, ಎಂಜಿನ್ ಓಡುತ್ತಿರುವವರೆಗೆ ಭಯವಿಲ್ಲ, ಓಡುವ ಮಷಿನ್ನಿಗೆ ಅವಳು ಕೈ ಹಾಕುವವಳಲ್ಲ, ಜಾಣೆ, ಹೇಳಿಕೊಟ್ಟದ್ದನ್ನು ಗಂಟು ಹಾಕಿಕೊಳ್ಳುವವಳು, ಆದರೆ ಹುಲ್ಲು ಹಸಿ, ಮೊಣಕಾಲುದ್ದ, ರಾತ್ರಿ ಮಳೆ ಬಿದ್ದಿದೆ, ಬ್ಲೇಡಿಗೆ ಸುತ್ತಿಕೊಂಡು ನಿಲ್ಲಿಸಿಬಿಟ್ಟರೆ — ಹುಲ್ಲು ಸಿಕ್ಕಿ ನಿಂತ ಎಂಜಿನ್ ಸತ್ತ ಎಂಜಿನ್ ಅಲ್ಲ, ಆ ವೈರಿಲ್ಲದೆ ಸಾಯುವುದಿಲ್ಲ, ಕಾದ ಹೊಟ್ಟೆಯಲ್ಲಿ ಪೆಟ್ರೋಲಿದೆ, ಪ್ಲಗ್ಗಿನಲ್ಲಿ ಜೀವವಿದೆ, ಬ್ಲೇಡನ್ನು ನಾಲ್ಕು ಬೆರಳು ಹೊರಳಿಸಿದರೆ ಸಾಕು, ಉಳಿದದ್ದನ್ನು ಎಂಜಿನ್ನೇ ಹೊರಳಿಸುತ್ತದೆ. ಮತ್ತು ತಾನು ಹೇಳಿಕೊಟ್ಟದ್ದೇನು, ಇದೇ ಹಿತ್ತಲಲ್ಲಿ, ಹೋದ ವರ್ಷ, ಕೈ ಬಿಟ್ಟಿ ಅಂದ್ರ ಮಷಿನ್ ಸತ್ತಂಗ ಶೇವಂತಾ, ಆಮ್ಯಾಲೆ ಏನ್ ಬೇಕಾದ್ದ ಮಾಡ, ಆಗ ಅವಳು ಎರಡೂ ಅಂಗೈ ಮೇಲೆತ್ತಿ ತೋರಿಸಿದ್ದಳು, ಹಸಿರು ಬಳೆ ಮೊಣಕೈವರೆಗೆ ಜಾರಿದ್ದವು, ಬಿಟ್ಟೆ ನೋಡ್ರಿ, ಸತ್ತಿತು ನೋಡ್ರಿ, ಎಂದು ಹುಡುಗಿಯ ಹಾಗೆ ನಕ್ಕಿದ್ದಳು.

ತಾತ್ಯಾಸಾಹೇಬರ ಮನೆಯ ಕೆಂಪು ಹೆಂಚು ಕಾಣಿಸಿತು, ಇನ್ನೊಂದು ತೋಟದಷ್ಟು ದೂರ, ಎಂಜಿನ್ನಿನ ದನಿ ದಪ್ಪಗಾಯಿತು, ಎಳೆಯಿತು, ನರಳಿತು, ಬೇಡ, ನಿಲ್ಲಬೇಡ, ನಿನ್ನ ಕಾಲಿಗೆ ಬೀಳುತ್ತೇನೆ ಓಡುತ್ತಿರು — ನಿಂತಿತು. ಎಷ್ಟು ಸದ್ದಿಲ್ಲದ ಮುಂಜಾನೆ. ಶೇವಂತಾ, ಕೈ ಹಾಕಬ್ಯಾಡ, ಏ ಶೇವಂತಾ, ಎಂದು ಕೂಗಿದ, ಕೂಗು ಕಬ್ಬಿನ ಗರಿಗಳಲ್ಲಿಯೇ ಸಿಕ್ಕಿಕೊಂಡಿತು, ಈಗ ಹಿಡಿಕೆ ಬಿಟ್ಟಿರುತ್ತಾಳೆ, ಈಗ ಸೆರಗು ಸಿಕ್ಕಿಸಿಕೊಂಡು ಮಷಿನ್ನನ್ನು ಮಗ್ಗುಲಿಗೆ ಹೊರಳಿಸಿರುತ್ತಾಳೆ, ಈಗ ಕುಕ್ಕುರುಗಾಲಲ್ಲಿ ಕೂತು, ಬಳೆ ಮೇಲೆ ಸರಿಸಿ, ಯಾರೋ ಕರೆದ ಹಾಗಾಯಿತಲ್ಲ ಎಂದು ಒಮ್ಮೆ ತಲೆಯೆತ್ತಿ ನೋಡಬಾರದೇ, ನೋಡೇ, ಒಮ್ಮೆ ನೋಡೇ —

ಡುಗ್ ಎಂದಿತು. ಒಂದೇ ಸಲ. ಆಮೇಲೆ ಇಲ್ಲ.

ಕಮಲಾಬಾಯಿ ಚೀರಿದರು, ಮರಾಠಿಯಲ್ಲೋ ಕನ್ನಡದಲ್ಲೋ ತಿಳಿಯಲಿಲ್ಲ. ಕಾಲುಗಳು ಓಡುತ್ತಿವೆಯೋ ನಿಂತಿವೆಯೋ ತಿಳಿಯಲಿಲ್ಲ. ಕೈಯಲ್ಲಿ ಏನೋ ಒತ್ತುತ್ತಿತ್ತು, ತಟ್ಟೆಯಿಂದ ಯಾವಾಗ ಎತ್ತಿಕೊಂಡನೋ, ಏಕೆ ಎತ್ತಿಕೊಂಡನೋ, ಬೆರಳು ಬಿಚ್ಚಿದ, ಕೆಂಪು ವೈರು, ಕೈ ಬಿಟ್ಟಿ ಅಂದ್ರ ಸತ್ತಂಗ, ಕೆಂಪು ವೈರು, ಇಲಿ ಕಡಿದದ್ದು, ಒಂದು ಗೇಣು, ಕೆಂಪು.