ಮಾವನಿಗೊಂದು ಡಿಸ್ಕ್

ನಮ್ಮ ಮಾವ ಶಾಲೆಯಲ್ಲಿ ಡ್ರಿಲ್ ಮೇಷ್ಟ್ರಾಗಿದ್ದವರು. ಮೈದಾನದ ಆ ಕೊನೆಯಿಂದ ಕೂಗಿದರೆ ಈ ಕೊನೆಯ ಮಕ್ಕಳ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತಂತೆ. ಮನೆಯಲ್ಲೂ ಅಷ್ಟೇ, ನಾನು ಮಡಿಸಿದ ಟವೆಲಿನಿಂದ ಹಿಡಿದು ಎಲ್ಲದರಲ್ಲೂ ಹುಳುಕು ಹುಡುಕುತ್ತಿದ್ದರು. ಪಾರ್ಶ್ವವಾಯು ಹೊಡೆದ ಮೇಲೆ ಆ ಬಾಯಿ ಬಂದ್ ಆಯಿತು. ಬೈಗುಳವಿಲ್ಲದ ಮನೆ ಬಿಕೋ ಅನ್ನತೊಡಗಿತು.

ಮಾತು ಕಲಿಸುವ ಟೀಚರಮ್ಮ ಫೋನಿಗೆ ಪಾಠದ ವಿಡಿಯೊ ಕಳಿಸುತ್ತಿದ್ದರು. ಅವರ ತುಟಿ ನೋಡಿಕೊಂಡು ಮಾವನೂ ಹಾಗೇ ಆಡಿಸಬೇಕು, ತಡಮಾಡಿದಷ್ಟೂ ಮಾತು ಮರಳುವುದು ಕಷ್ಟ ಅಂದಿದ್ದರು. ಆದರೆ ಮಾವನ ನಡುಗುವ ಬೆರಳು ಫೋನ್ ಮುಟ್ಟಿದರೆ ಪಾಠ ಹೋಗಿ ಇನ್ನೇನೋ ಬರುತ್ತಿತ್ತು. ನಾವು ಪಕ್ಕದಲ್ಲಿ ಕೂತರೆ ನಾಚಿಕೆ, ಬಾಯೇ ತೆರೆಯರು. ಅವರು ಒಬ್ಬರೇ ನಡೆಸಬಲ್ಲದ್ದು ಹಳೆಯ ಡಿಸ್ಕ್ ಪ್ಲೇಯರ್ ಮಾತ್ರ. ಅದರ ರಿಮೋಟಿನ ಗುಂಡಿ ಗಟ್ಟಿ, ಒತ್ತಿದ್ದು ಬೆರಳಿಗೆ ಗೊತ್ತಾಗುತ್ತದೆ.

ಎಷ್ಟರ ಮಹಾ ಕೆಲಸ ಎಂದು ವಿಡಿಯೊಗಳನ್ನು ಹಾಗೇ ಡಿಸ್ಕಿಗೆ ನಕಲು ಮಾಡಿದೆ. ಕಂಪ್ಯೂಟರಿನಲ್ಲಿ ಚೆನ್ನಾಗಿ ಓಡಿತು. ಪ್ಲೇಯರಿಗೆ ಹಾಕಿದರೆ ಗರಗರ ಸದ್ದು, ಆಮೇಲೆ ‘ಡಿಸ್ಕ್ ಓದಲಾಗದು’. ನನಗೆ ರೇಗಿತು, ಆದರೆ ಕುತೂಹಲ ಅದಕ್ಕಿಂತ ಜಾಸ್ತಿ. ಅದೇ ಡಿಸ್ಕ್, ಒಂದಕ್ಕೆ ಕಂಡದ್ದು ಇನ್ನೊಂದಕ್ಕೆ ಯಾಕೆ ಕಾಣದು? ಹುಡುಕಿ ಓದಿದೆ. ಕಂಪ್ಯೂಟರಿಗೆ ವಿಡಿಯೊದ ನೂರು ಭಾಷೆ ಬರುತ್ತದೆ, ಈ ಮುದುಕ ಪ್ಲೇಯರಿಗೆ ಒಂದೆರಡು. ವಿಡಿಯೊವನ್ನು ಅದಕ್ಕೆ ಗೊತ್ತಿರುವ ಭಾಷೆಗೆ ಬದಲಾಯಿಸಿದೆ. ಆಗಲೂ ಮೊಂಡು ಹಿಡಿಯಿತು. ಬರೆದಾದ ಮೇಲೆ ಡಿಸ್ಕನ್ನು ಮುಗಿಸಬೇಕಂತೆ, ಇನ್ನು ಇದಕ್ಕೇನೂ ಸೇರಿಸುವುದಿಲ್ಲ ಎಂದು ಮುಚ್ಚಳ ಹಾಕಿದ ಹಾಗೆ. ಅದನ್ನೂ ಕಲಿತೆ.

ಕೊನೆಯ ಡಿಸ್ಕ್ ಬರೆಯುವಾಗ ಇನ್ನೊಂದು ತೊಡಕು ಕಣ್ಣಿಗೆ ಬಿತ್ತು. ಫೋನಿನ ಉದ್ದುದ್ದ ಚಿತ್ರಕ್ಕೆ ಟಿವಿಯ ಎರಡೂ ಕಡೆ ದಪ್ಪ ಕಪ್ಪು ಪಟ್ಟಿ ಬರುತ್ತದೆ. ಇಷ್ಟು ಒದ್ದಾಡಿ ಅರ್ಧಂಬರ್ಧ ಚಿತ್ರ ಕೊಟ್ಟರೆ ಮಾವ ಒಪ್ಪಿಯಾರೇ? ‘ಪರದೆ ತುಂಬಿಸು’ ಎಂಬುದನ್ನು ಒತ್ತಿಬಿಟ್ಟೆ.

ಡಿಸ್ಕ್ ಹಾಕಿ, ರಿಮೋಟ್ ಮಾವನ ಕೈಗಿತ್ತು, ಬಾಗಿಲು ಮುಂದೆ ಮಾಡಿ ಹೊರಗೆ ನಿಂತೆ. ಒಳಗೆ ಟೀಚರಮ್ಮನ ದನಿ ಕೇಳಿಸಿತು. ಕುಣಿಯುವಷ್ಟು ಖುಷಿಯಾಯಿತು ನನಗೆ. ಆಮೇಲೆ ದನಿ ನಿಂತಿತು. ಮತ್ತೆ ಶುರುವಾಯಿತು, ಮತ್ತೆ ನಿಂತಿತು. ತಡೆಯಲಾರದೆ ಇಣುಕಿದೆ.

ಟಿವಿಯ ತುಂಬ ಟೀಚರಮ್ಮನ ಹಣೆ, ಕಣ್ಣು, ಮೂಗು. ಮೂಗಿನ ಕೆಳಗೆ ಟಿವಿ ಮುಗಿದಿತ್ತು. ಪರದೆ ತುಂಬಿಸಲು ಹೋಗಿ ಚಿತ್ರದ ಮೇಲೂ ಕೆಳಗೂ ಕತ್ತರಿಸಿಹಾಕಿದ್ದೆ. ನೋಡಬೇಕಾದ ತುಟಿಯೇ ಇಲ್ಲ.

ಸಾಲು ತಪ್ಪಿ ನಿಂತ ಹುಡುಗನತ್ತ ಬೆತ್ತ ಚಾಚುವ ಹಾಗೆ ಮಾವ ರಿಮೋಟನ್ನು ಟಿವಿಯತ್ತ ಚಾಚಿದರು. ಮುಖ ಕೆಂಪಾಯಿತು. ಗಂಟಲಲ್ಲಿ ಏನೋ ಹೊರಳಿತು.

“ಬಾ… ಬಾಯಿ,” ಅಂದರು. ಮತ್ತೆ ಜೋರಾಗಿ, “ಬಾಯಿ ಎಲ್ಲಿ?”

ನಾನು ಬಾಗಿಲು ಹಿಡಿದುಕೊಂಡು ನಿಂತೆ. ಅಳುವೂ ಬಂತು, ನಗುವೂ ಬಂತು.

ಅಡುಗೆಮನೆಯಿಂದ ಅತ್ತೆ ಕೂಗಿದರು, “ಟಿವಿ ಸೌಂಡು ಸ್ವಲ್ಪ ಕಮ್ಮಿ ಮಾಡೇ.”

“ಟಿವಿ ಅಲ್ಲ ಅತ್ತೆ,” ಅಂದೆ. “ಮಾವ ನನಗೆ ಬೈತಿದಾರೆ.”