ಬಂಗಾರೆವ್ವನ ಕಡಲು

ಫಿಲ್ಮ್ ರೋಲಿನ ಡಬ್ಬಿಯಿಂದ ಇಷ್ಟೇ ಇಷ್ಟು ತುದಿ ಹೊರಗೆ ಚಾಚಿಕೊಂಡಿರುತ್ತಿತ್ತು, ತುಂಟ ಕೂಸು ನಾಲಿಗೆ ತೋರಿಸಿದ ಹಾಗೆ. ನಾಲಿಗೆ ಹೊರಗಿದ್ದರೆ ಹೊಸ ರೋಲು, ಒಳಗೆ ಸೇರಿದ್ದರೆ ಮುಗಿದ ರೋಲು. ಸ್ಟುಡಿಯೊದ ದಾದಾಪೀರ ನನಗೆ ಕಲಿಸಿದ ಮೊದಲ ಪಾಠ ಇದು. ರಾತ್ರಿಶಾಲೆಯಲ್ಲಿ ಒತ್ತಕ್ಷರ ತಿದ್ದಿದಷ್ಟೇ ಶ್ರದ್ಧೆಯಿಂದ ಕಲಿತಿದ್ದೆ. ಏಳನೆಯ ಇಯತ್ತೆ ಪಾಸಾದ ಸಂತೋಷಕ್ಕೆ ಅವನ ಹತ್ತಿರವೇ ಒಂದು ಹಳೆಯ ಕ್ಯಾಮೆರಾ ಕೊಂಡಿದ್ದೆ. ಆಗ ನನಗೆ ಅರವತ್ತೆರಡು.

ಆ ವರ್ಷ ರಾತ್ರಿಶಾಲೆಯ ಹೆಂಗಸರೆಲ್ಲ ಕಡಲು ನೋಡಲು ಹೊರಟೆವು. ನಮ್ಮಲ್ಲಿ ಯಾರೂ ಅದನ್ನು ಕಂಡವರಲ್ಲ. ಹಟ ಹಿಡಿದು ಮಾಸ್ತರರನ್ನು ಒಪ್ಪಿಸಿದವಳು ನನ್ನ ಪಕ್ಕದ ಮನೆಯ ಬಂಗಾರೆವ್ವ. ಆದರೆ ವಾರ ಮುಂಚೆ ಅವಳೇ ಮೆಟ್ಟಿಲು ಜಾರಿ ಕಾಲು ಉಳುಕಿಸಿಕೊಂಡಳು. ಹೊರಡುವ ಹೊತ್ತಿಗೆ ಉಳುಕು ಇಳಿದಿತ್ತು, ಅಂಜಿಕೆ ಇಳಿದಿರಲಿಲ್ಲ. ಮತ್ತೆ ಬೀಳುತ್ತೇನೆಂದು ಬಾಗಿಲ ಚೌಕಟ್ಟು ಹಿಡಿದೇ ನಿಲ್ಲುತ್ತಿದ್ದಳು, ಓಣಿಗೆ ಇಳಿಯುತ್ತಿರಲಿಲ್ಲ.

“ನಾ ಬರೂದಿಲ್ಲ. ನೀ ಕಡಲು ತಗೊಂಡ ಬಾ,” ಎಂದಳು. “ನಿಮ್ಮ ಮಾರಿ ಮೂತಿ ಹಿಡಕೊಂಡ ಬರಬ್ಯಾಡ, ಅವನ್ನ ದಿನಾ ನೋಡಿ ಸಾಕಾಗೇತಿ.”

ಮಾತು ಕೊಟ್ಟೆ. ಮೂವತ್ತಾರು ಚಿತ್ರ, ಎಲ್ಲವೂ ಅವಳಿಗೇ. ಗೆಳತಿಯರು ನೀರಿನಲ್ಲಿ ಕುಣಿಯುತ್ತ ತಮ್ಮದೊಂದು ತೆಗೆಯೆಂದು ಗೋಗರೆದರೂ ಜಗ್ಗಲಿಲ್ಲ. ಒಣ ಮರಳಿನಲ್ಲಿ ಮೊಣಕಾಲೂರಿ, ಒಂದು ಒಳ್ಳೆಯ ತೆರೆಗೆ ಅರ್ಧ ಗಂಟೆ ಕಾದೆ. ಅಕ್ಷರಕ್ಕಾಗಿ ಐವತ್ತು ವರ್ಷ ಕಾದವಳಿಗೆ ಅದೇನು ದೊಡ್ಡದು! ರೋಲು ಮುಗಿದ ಮೇಲೆ ಹಿಡಿಕೆ ತಿರುಗಿಸಿ ಫಿಲ್ಮನ್ನು ಡಬ್ಬಿಯೊಳಕ್ಕೆ ಸುತ್ತಬೇಕು. ಎಲ್ಲಿ ಹರಿದೀತೋ ಎಂಬ ಭಯಕ್ಕೆ, ಬಿಗಿ ಸಡಿಲಾದದ್ದೇ ತಿರುಗಿಸುವುದನ್ನು ನಿಲ್ಲಿಸಿಬಿಟ್ಟೆ.

ಊರಿಗೆ ಬಂದರೆ ದಾದಾಪೀರ ತಂಗಿಯ ಮದುವೆಗೆಂದು ಪರವೂರಿಗೆ ಹೋಗಿದ್ದ. ಕಡಲಿನ ರೋಲನ್ನು ಗೋಡೆಯ ಗೂಡಿನಲ್ಲಿ ಹೊಸ ರೋಲಿನ ಪಕ್ಕದಲ್ಲಿಟ್ಟು ಅವನ ದಾರಿ ನೋಡಿದೆ. ಕೈ ಸುಮ್ಮನಿರಬೇಕಲ್ಲ. ಒಂದು ಮುಂಜಾನೆ ನಾಲಿಗೆ ಚಾಚಿಕೊಂಡಿದ್ದ ರೋಲೊಂದನ್ನು ಹಾಕಿಕೊಂಡು ಓಣಿಗಿಳಿದೆ. ಚಪ್ಪಲಿ ಹೊಲಿಯುವವನ ಕೊಡೆ, ನಡುರಸ್ತೆಯಲ್ಲಿ ಮಲಗಿದ ಎಮ್ಮೆ, ಹೊಸ್ತಿಲ ಮುಂದೆ ನೀರು ಹೊಡೆದು, ಒಂದು ಕೈಯಲ್ಲಿ ಬಾಗಿಲ ಚೌಕಟ್ಟು, ಇನ್ನೊಂದರಲ್ಲಿ ಸೀರೆ ತುಸು ಎತ್ತಿ ಹಿಡಿದು ನಿಂತ ಬಂಗಾರೆವ್ವ, ಹೀಗೆ ಸಿಕ್ಕಿದ್ದನ್ನೆಲ್ಲ ತೆಗೆದೆ.

ದಾದಾಪೀರ ಬಂದ ಮೇಲೆ ಎರಡೂ ರೋಲು ಕೊಟ್ಟೆ. ಮರುದಿನ ಕರೆದು ಕೂರಿಸಿ, ತಾನೇ ತಪ್ಪು ಮಾಡಿದವನಂತೆ ದನಿ ತಗ್ಗಿಸಿದ.

“ಅವ್ವಾರ, ಒಂದರಾಗ ಏನೂ ಇಲ್ಲ. ಇನ್ನೊಂದರಾಗ ಎಲ್ಲಾ ಐತಿ. ಕಡಲಿನ ರೋಲಿನ ಮ್ಯಾಲೇ ಓಣಿ ತಗದೀರಿ.”

ನಾಲಿಗೆ ಒಳಗೆ ಹೋಗಿಯೇ ಇರಲಿಲ್ಲ. ವಾರವಿಡೀ ಗೂಡಿನಲ್ಲಿ ಕೂತು ನನ್ನನ್ನು ಅಣಕಿಸಿತ್ತು.

ಅವನು ಮುಂದಿಟ್ಟ ಚಿತ್ರಗಳಲ್ಲಿ ಎಮ್ಮೆ ತೆರೆಗಳ ನಡುವೆ ಮೆಲುಕು ಹಾಕುತ್ತಿತ್ತು. ಕೊಡೆಯ ಕೆಳಗೊಂದು ದೋಣಿ ನಿಂತಿತ್ತು. ದಾದಾಪೀರ ನಗು ತಡೆಯಲು ಕೆಮ್ಮತೊಡಗಿದ. ನನಗೆ ನಗು ಬರಲಿಲ್ಲ. ಕಡಲು ಬರುತ್ತದೆಂದು ಬಂಗಾರೆವ್ವ ಓಣಿಗೆಲ್ಲ ಹೇಳಿಕೊಂಡು ಕೂತಿದ್ದಳು.

ಅವಳ ಮುಂದೆ ಚಿತ್ರಗಳನ್ನು ಹರಡಿ ತಪ್ಪೊಪ್ಪಿಕೊಂಡೆ. ಒಂದೊಂದನ್ನೇ ಬೆಳಕಿಗೆ ಹಿಡಿದು ನೋಡಿದಳು. ಒಂದು ಮಾತ್ರ ಕೈಯಲ್ಲೇ ಉಳಿಯಿತು. ಅದರಲ್ಲಿ ಅವಳು ಕಡಲೊಳಗೆ ನಿಂತಿದ್ದಳು. ನೊರೆ ಪಾದ ಮುಚ್ಚಿತ್ತು, ತೋಯಬಾರದೆಂದೇ ಸೀರೆ ಎತ್ತಿದಂತಿತ್ತು. ಬಾಗಿಲ ಚೌಕಟ್ಟು ತೆರೆಯ ಬೆಳಕಿನಲ್ಲಿ ಕರಗಿಹೋಗಿ, ಅವಳ ಕೈ ಬರಿಯ ಗಾಳಿಯ ಮೇಲಿತ್ತು.

“ನಾ ಏನೂ ಹಿಡಕೊಂಡಿಲ್ಲಲ್ಲ,” ಎಂದಳು.

“ಇಲ್ಲ,” ಎಂದೆ.

“ಬಿದ್ದೂ ಇಲ್ಲ.”

“ಇಲ್ಲ.”

“ನಿನ್ನ ಕೈಯಾಗ ಕ್ಯಾಮೆರಾ ಕೊಟ್ಟಾವಗ ಬುದ್ಧಿ ಇಲ್ಲ ಬಿಡು,” ಎನ್ನುತ್ತ ಚಿತ್ರವನ್ನು ಸೆರಗಿನೊಳಗೆ ಸೇರಿಸಿದಳು. “ಬಸ್ಸು ಎಷ್ಟ ಗಂಟೇಕ್ಕೈತಿ?”

ಆ ವಾರವೇ ನಾವಿಬ್ಬರೂ ಹೋದೆವು. ಮರಳಿಗೆ ಇಳಿಯುವಾಗ ನನ್ನ ತೋಳು ಹಿಡಿದಿದ್ದಳು, ನೀರು ಕಂಡದ್ದೇ ಬಿಟ್ಟಳು. ತೆರೆ ಬಂದಾಗ ಸೀರೆ ಎತ್ತುವುದನ್ನು ಅವಳು ಮರೆತಳು. ಕ್ಯಾಮೆರಾ ಎತ್ತುವುದನ್ನು ಮರೆತು ನಾನೂ ಅವಳ ಪಕ್ಕದಲ್ಲಿ ಮೊಣಕಾಲುದ್ದ ನೀರಿನಲ್ಲಿ ನಿಂತೆ.

ಸಂಜೆ ಬಸ್ಸಿನಲ್ಲಿ ಬಂಗಾರೆವ್ವ ಕಿಟಕಿಗೆ ತಲೆಯಾನಿಸಿ ನಿದ್ದೆಹೋದಳು. ನಮ್ಮ ಸೀರೆಗಳು ಒಣಗುತ್ತ ಬಂದಿದ್ದವು. ಎರಡರ ಮೇಲೂ, ಒಂದೇ ಎತ್ತರಕ್ಕೆ, ಉಪ್ಪಿನ ಬಿಳಿಯ ಗೆರೆಯೊಂದು ಮೆಲ್ಲಗೆ ಮೂಡುತ್ತಿತ್ತು.